ಬೇಲಿಯ ಪಕ್ಕ ನಿಂತು ಆಡಿದ ಮಾತು

ಅಮೆರಿಕದಲ್ಲಿ ನಾನು ಇದ್ದದ್ದು ಹನ್ನೊಂದು ದಿನ. ಅಲ್ಲಿಗೆ ಹೋದವರು ನೋಡಿ ಬರುವ ಯಾವುದನ್ನೂ ನೋಡಲಿಲ್ಲ. ನೋಡಿದ್ದು ಓಹಾಯೋ ರಾಜ್ಯದ ಒಂದು ಸಣ್ಣ ಊರು, ಅದರ ಹೈಸ್ಕೂಲಿನ ಮೈದಾನ, ಒಂದು ಮನೆ. ಆ ಮನೆಯವರಿಗೆ ನನ್ನಿಂದ ಒಂದು ತಪ್ಪಾಯಿತು. ಅದನ್ನು ಬಿಟ್ಟು ಈ ಪ್ರವಾಸದ ಬಗ್ಗೆ ಬರೆಯಲು ನನಗೆ ಬೇರೇನೂ ಇಲ್ಲ. ಮನೆಯೊಡತಿ ಸ್ಟೆಲ್ಲಾ ಇದನ್ನು ಓದಿ, ಕನ್ನಡ ಓದಲು ಬಾರದ ಮಗನಿಗೂ ಓದಿ ಹೇಳಿ, ಅಚ್ಚಿಗೆ ಕೊಡಿ ಎಂದಿದ್ದಾಳೆ.

ಮನೆ

ಸ್ಟೆಲ್ಲಾ ಬೆಂಗಳೂರಿನ ಜೋಗುಪಾಳ್ಯದಲ್ಲಿ ನಮ್ಮ ಮನೆಯಿಂದ ಎರಡು ಮನೆ ಆಚೆ ಬೆಳೆದವಳು. ಅವಳ ತಂದೆ ಅಂತೋಣಿ ಮಾಮ ಕಾರ್ಖಾನೆಯೊಂದರ ಫುಟ್‌ಬಾಲ್ ತಂಡದಲ್ಲಿ ಆಡುತ್ತಿದ್ದರು. ಅವರ ಬಲಗಾಲಿನ ಒದೆತಕ್ಕೆ ಹಲಸೂರಿನ ಸುತ್ತಮುತ್ತ ಹೆಸರಿತ್ತು. ಸ್ಟೆಲ್ಲಾ ನರ್ಸಿಂಗ್ ಓದಿ ಮೊದಲು ಕೊಲ್ಲಿ ದೇಶಕ್ಕೆ, ಅಲ್ಲಿಂದ ಓಹಾಯೋಗೆ ಹೋದಳು. ಗಂಡ ರೇಮಂಡ್ ದೂರದ ಊರುಗಳಿಗೆ ಲಾರಿ ಓಡಿಸುತ್ತಾನೆ. ನಾನಿದ್ದಷ್ಟು ದಿನವೂ ಅವನು ರಸ್ತೆಯ ಮೇಲೇ ಇದ್ದ. ಹದಿನೆಂಟು ವರ್ಷದ ಕೆವಿನ್ ಅವರ ಒಬ್ಬನೇ ಮಗ.

ನಾನು ಕನ್ನಡ ದಿನಪತ್ರಿಕೆಯೊಂದರ ಕ್ರೀಡಾಪುಟದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ಕಳೆದ ವರ್ಷ ನಿವೃತ್ತನಾದೆ. ಈ ವರ್ಷ ಅದು ಕಿವಿಗೆ ಬಿದ್ದ ವಾರವೇ ಸ್ಟೆಲ್ಲಾ ಫೋನ್ ಮಾಡಿದಳು.

“ಶಂಕರಣ್ಣ, ಕೆವಿನ್ ಆಲ್ ಸ್ಟಾರ್ ಮ್ಯಾಚ್‌ಗೆ ಸೆಲೆಕ್ಟ್ ಆಗಿದಾನೆ. ಅಪ್ಪ ಇದ್ದಿದ್ರೆ ಅಪ್ಪನ್ನ ಕರ್ಸ್ಕೊಳ್ತಿದ್ದೆ. ಈಗ ನೀವೇ ಬರ್ಬೇಕು. ನಮ್ ಕಡೆಯಿಂದ ಆಟ ಗೊತ್ತಿರೋರು ಒಬ್ರಾದ್ರೂ ಕೂತ್ಕೋಬೇಕು.”

“ನಂಗೆ ಆ ಆಟ ಗೊತ್ತಿಲ್ಲಮ್ಮ.”

“ನಂಗ್ಮಾತ್ರ ಗೊತ್ತಾ? ಇಷ್ಟು ವರ್ಷದಿಂದ ನೋಡ್ತಿದೀನಿ, ವಿಸಿಲ್ ಯಾಕೆ ಊದ್ತಾರೆ ಅಂತ ಇನ್ನೂ ತಿಳಿದಿಲ್ಲ. ಸುಮ್ನೆ ಬನ್ನಿ ಅಂದ್ರೆ.”

ಹೋದ ಮರುದಿನವೇ ಒಂದು ಫಜೀತಿಯಾಯಿತು. ಬೆಳಿಗ್ಗೆ ಹಲಸೂರು ಕೆರೆ ಸುತ್ತುವ ಅಭ್ಯಾಸದಲ್ಲಿ ರಸ್ತೆಗಿಳಿದೆ. ಆ ಊರಲ್ಲಿ ರಸ್ತೆಯುಂಟು, ಫುಟ್‌ಪಾತ್ ಇಲ್ಲ, ನಡೆಯುವವರೂ ಇಲ್ಲ. ಹತ್ತು ನಿಮಿಷದಲ್ಲಿ ಪೊಲೀಸ್ ಕಾರು ಪಕ್ಕಕ್ಕೆ ಬಂದು ನಿಂತಿತು. ಕಾರು ಕೆಟ್ಟಿತೇ, ಸಹಾಯ ಬೇಕೇ ಎಂದು ಪೊಲೀಸಿನವನು ಬಹಳ ಮರ್ಯಾದೆಯಿಂದ ಕೇಳಿದ. ಸುಮ್ಮನೆ ನಡೆಯುತ್ತಿದ್ದೇನೆ ಎಂದರೆ ಅವನಿಗೆ ಅರ್ಥವಾಗಲಿಲ್ಲ. ಕೂರಿಸಿಕೊಂಡು ಮನೆಗೇ ತಂದು ಬಿಟ್ಟ.

ಸ್ಟೆಲ್ಲಾ ಬಾಗಿಲಲ್ಲೇ ನಿಂತು ನಕ್ಕಳು. “ಇಲ್ಲಿ ನಾಯಿ ಇಲ್ದೆ ನಡೆಯೋನು ಒಂದೋ ಕಳ್ಳ, ಇಲ್ಲ ಹುಚ್ಚ. ನಾಳೆಯಿಂದ ಪಕ್ಕದ್ಮನೆ ನಾಯಿ ಇಸ್ಕೊಡ್ತೀನಿ, ಹಿಡ್ಕೊಂಡು ಹೋಗಿ.”

ಹಾಗೇ ಆಯಿತು. ನಾಯಿಯೊಂದಿಗೆ ಹೋದಾಗ ಯಾರೂ ತಡೆಯಲಿಲ್ಲ. ಅದೇ ಪೊಲೀಸಿನವನು ಕೈ ಬೀಸಿ ಮುಂದೆ ಹೋದ.

ಅಭ್ಯಾಸದ ಮೈದಾನ

ಅವರ ಫುಟ್‌ಬಾಲಿನಲ್ಲಿ ಚೆಂಡನ್ನು ಹೊತ್ತು ಓಡುತ್ತಾರೆ, ಎಸೆಯುತ್ತಾರೆ, ಹೊತ್ತವನನ್ನು ಕೆಡವುತ್ತಾರೆ. ಕಾಲಿಗೆ ಕೆಲಸ ಬರುವುದು ಅಪರೂಪಕ್ಕೆ. ಹಾಗೆ ಬಂದಾಗ ಚೆಂಡನ್ನು ಎರಡು ಕಂಬಗಳ ನಡುವೆ ಒದೆಯಲು ಒಬ್ಬನನ್ನು ಹೊರಗಿನಿಂದ ಕರೆಯುತ್ತಾರೆ. ಪೂಜೆಯೆಲ್ಲ ಬೇರೆಯವರು ಮುಗಿಸಿ, ಕಾಯಿ ಒಡೆಯಲು ಮಾತ್ರ ಒಬ್ಬನನ್ನು ಕೂಗಿದ ಹಾಗೆ. ಅವನಿಗೆ ಕಿಕ್ಕರ್ ಎಂದು ಹೆಸರು. ಕೆವಿನ್ ಕಿಕ್ಕರ್.

ಉಳಿದ ಹುಡುಗರು ಕೋಣಗಳ ಹಾಗಿದ್ದರು. ಅವರ ನಡುವೆ ಕೆವಿನ್ ಯಾರೋ ನೀರು ಕೊಡಲು ಬಂದವನಂತೆ ಕಾಣುತ್ತಿದ್ದ. ಆದರೆ ಒದೆದಾಗ ಆ ಕೋಣಗಳೆಲ್ಲ ತಲೆಯೆತ್ತಿ ಚೆಂಡು ಹೋದ ದಿಕ್ಕನ್ನು ನೋಡುತ್ತಿದ್ದರು. ಮೊದಲ ದಿನ ನೋಡಿದಾಗಲೇ ನನಗೆ ಗುರುತು ಸಿಕ್ಕಿತು. ಎಡಗಾಲನ್ನು ಊರುವಾಗ ಭುಜವನ್ನು ಸ್ವಲ್ಪ ಇಳಿಸುವುದು, ಒದೆದ ಮೇಲೆ ಒಂದು ಸಣ್ಣ ಜಿಗಿತ. ಅಂತೋಣಿ ಮಾಮನದೇ ಅಚ್ಚು. ತಾತ ಹೋದಾಗ ಹುಡುಗನಿಗೆ ಆರು ವರ್ಷ. ಒಂದು ಹಳೆಯ ವಿಡಿಯೋ ಮತ್ತು ಕೆಲವು ಫೋಟೋಗಳಿಂದ ಇದನ್ನೆಲ್ಲ ಕಲಿತಿದ್ದ.

ಆಲ್ ಸ್ಟಾರ್ ಪಂದ್ಯವೆಂದರೆ ಆ ವರ್ಷ ಹೈಸ್ಕೂಲು ಮುಗಿಸಿದವರಲ್ಲಿ ಒಳ್ಳೆಯ ಆಟಗಾರರನ್ನು ಸುತ್ತಲಿನ ಹತ್ತಾರು ಶಾಲೆಗಳಿಂದ ಆರಿಸಿ, ಉತ್ತರ ದಕ್ಷಿಣ ಎಂದು ಎರಡು ತಂಡ ಮಾಡಿ ಆಡಿಸುವುದು. ಒಂದು ವಾರ ಅಭ್ಯಾಸ, ಶನಿವಾರ ಪಂದ್ಯ. ಅಂಗಿ ಎಲ್ಲರಿಗೂ ಒಂದೇ ಬಣ್ಣದ್ದು. ತಲೆಯ ಹೆಲ್ಮೆಟ್ ಮಾತ್ರ ಅವರವರ ಶಾಲೆಯದು. ವಾರವಿಡೀ ಹುಡುಗರು ತಮ್ಮ ಶಾಲೆಯ ಲಾಂಛನದ ಸ್ಟಿಕ್ಕರನ್ನು ಇನ್ನೊಬ್ಬರ ಹೆಲ್ಮೆಟ್ಟಿಗೆ ಅಂಟಿಸುತ್ತಾರೆ. ಶನಿವಾರದ ಹೊತ್ತಿಗೆ ಯಾರು ಯಾವ ಶಾಲೆಯವನೆಂದು ತಿಳಿಯುವುದಿಲ್ಲ. ಒಂದು ತಿಂಗಳ ಹಿಂದೆ ಒಬ್ಬರನ್ನೊಬ್ಬರು ಕೆಡವಿ ಹಲ್ಲು ಮುರಿದವರು ಇವರೇ ಎಂದು ಸ್ಟೆಲ್ಲಾ ಹೇಳಿದಳು. ಒಂದು ತಿಂಗಳಲ್ಲ, ಏಳು ತಿಂಗಳು ಎಂದು ಕೆವಿನ್ ತಿದ್ದಿದ.

ಮೈದಾನದ ಸುತ್ತ ತಂತಿ ಬೇಲಿ. ಬೇಲಿಯ ಉದ್ದಕ್ಕೂ ಬೇರೆ ಬೇರೆ ಬಣ್ಣದ ಟೋಪಿ ಹಾಕಿದ ಗಂಡಸರು ನಿಂತಿರುತ್ತಿದ್ದರು. ಅವರೆಲ್ಲ ಕಾಲೇಜು ತಂಡಗಳ ಕೋಚುಗಳು. ಹುಡುಗನ ಎತ್ತರ ಕೇಳುತ್ತಾರೆ, ತಂದೆಯ ಎತ್ತರ ಕೇಳುತ್ತಾರೆ, ಅಂಗೈ ಚಾಚಿಸಿ ಅಳತೆ ತೆಗೆಯುತ್ತಾರೆ. ಹೆಣ್ಣು ನೋಡಲು ಬಂದವರು ಹುಡುಗಿಯನ್ನು ಅಡುಗೆಮನೆಯಿಂದ ಪಡಸಾಲೆಗೆ ನಡೆಸಿ ನೋಡುತ್ತಿದ್ದರಲ್ಲ, ಅದೇ ಕ್ರಮ. ದೊಡ್ಡ ಕಾಲೇಜುಗಳಿಗೆ ಗೊತ್ತಾದ ಹುಡುಗರ ಸಂಬಂಧ ಚಳಿಗಾಲದಲ್ಲೇ ಕುದುರಿರುತ್ತದೆ. ಜೂನ್‌ನಲ್ಲಿ ಬರುವವರು ಸಣ್ಣ ಕಾಲೇಜಿನವರು. ಅವರು ನೋಡುವುದು ಯಾರಿಗೂ ಗೊತ್ತಾಗದೆ ಉಳಿದವರನ್ನು.

ಕೆವಿನ್ ಹಾಗೆ ಉಳಿದವನು. ಒಂದು ಕಾಲೇಜಿಗೆ ಹತ್ತಾರು ಕೋಣಗಳು ಬೇಕು, ಕಿಕ್ಕರ್ ಒಬ್ಬ ಸಾಕು, ಅವನು ನಾಲ್ಕು ವರ್ಷ ಕದಲುವುದಿಲ್ಲ. ಎರಡು ಗಂಟೆ ದೂರದ ಒಂದು ಕಾಲೇಜಿನ ಕಿಕ್ಕರ್ ಇದ್ದಕ್ಕಿದ್ದಂತೆ ಬೇರೆ ಕಡೆ ಹೋಗಿದ್ದ. ಅಲ್ಲಿನ ಕೋಚು ಡೇಲ್ ಎಂಬಾತ ಕೆವಿನ್‌ನನ್ನೂ ದಕ್ಷಿಣ ತಂಡದ ಕಿಕ್ಕರನನ್ನೂ ನೋಡಲು ಆ ವಾರ ಬರುತ್ತೇನೆಂದಿದ್ದ. ಇರುವುದು ಒಂದೇ ಜಾಗ. ಸಿಕ್ಕರೆ ಓದಿನ ಖರ್ಚಿನ ದೊಡ್ಡ ಪಾಲು ಕಾಲೇಜೇ ಹೊರುತ್ತದೆ. ಸಿಗದಿದ್ದರೆ ಊರಿನ ಪಕ್ಕದ ಎರಡು ವರ್ಷದ ಕಾಲೇಜು. ಅಲ್ಲಿ ಫುಟ್‌ಬಾಲ್ ತಂಡವೇ ಇಲ್ಲ.

“ಹಸಿರು ಟೋಪಿ ಕಂಡ್ರೆ ಹೇಳಿ ಅಣ್ಣ” ಎಂದು ಸ್ಟೆಲ್ಲಾ ನನಗೆ ಹೇಳಿಟ್ಟಿದ್ದಳು. ಡೇಲ್‌ನ ಕಾಲೇಜಿನ ಬಣ್ಣ ಹಸಿರು.

ಗ್ಯಾರೇಜು, ಬುಧವಾರ

ಬುಧವಾರ ಬೆಳಿಗ್ಗೆ ಸ್ಟೆಲ್ಲಾ ಆಸ್ಪತ್ರೆಗೆ ಹೋಗಿದ್ದಳು. ನಾಯಿಯ ಹಗ್ಗ ತೆಗೆದುಕೊಳ್ಳಲು ಗ್ಯಾರೇಜಿನ ಬಾಗಿಲು ತೆರೆದೆ. ಕೆವಿನ್ ಒಂದು ಮಣೆಯ ಮೇಲೆ ಬಲಗಾಲು ಊರಿ, ಕಣಕಾಲಿಗೆ ಬಟ್ಟೆಯ ಪಟ್ಟಿಯೊಂದನ್ನು ಬಿಗಿಯಾಗಿ ಸುತ್ತುತ್ತಿದ್ದ. ನನ್ನನ್ನು ಕಂಡವನೇ ಕಾಲ್ಚೀಲ ಮೇಲೆಳೆದ.

“ಏನಾಯ್ತೋ ಕಾಲಿಗೆ?”

“ಏನಿಲ್ಲ ಅಂಕಲ್. ಐ ಆಮ್ ಫೈನ್.” ಮುಖ ಕೆಂಪಾಗಿತ್ತು. “ಅಮ್ಮಂಗೆ ಮಾತ್ರ ಹೇಳ್ಬೇಡಿ, ಪ್ಲೀಸ್. ಸಾಟರ್ಡೆ ಆದ್ಮೇಲೆ ನಾನೇ ಹೇಳ್ತೀನಿ.”

“ಅಮ್ಮಂಗೆ ಹೇಳಲ್ಲ” ಎಂದೆ.

ಅದಕ್ಕಿಂತ ಹೆಚ್ಚು ಕೇಳಲಿಲ್ಲ. ಕೇಳುವ ಅಗತ್ಯ ಕಾಣಲಿಲ್ಲ. ಪೆಟ್ಟು ಮುಚ್ಚಿಟ್ಟು ಆಡುವ ಆಟಗಾರರನ್ನು ಕಂಠೀರವ ಕ್ರೀಡಾಂಗಣದ ಒಳಗೂ ಹೊರಗೂ ನಾನು ಬೇಕಾದಷ್ಟು ನೋಡಿದ್ದೆ. ಇದೂ ಅದೇ ಎಂದುಕೊಂಡೆ. ಅಂದು ಮಧ್ಯಾಹ್ನದ ಅಭ್ಯಾಸದಲ್ಲಿ ಅವನ ಕಾಲನ್ನೇ ನೋಡುತ್ತಾ ಕುಳಿತೆ. ಎರಡು ಸಲ ಬಗ್ಗಿ ಕಣಕಾಲು ಮುಟ್ಟಿಕೊಂಡ. ಒಂದು ಒದೆ ಕಂಬದ ಹೊರಗೆ ಹೋಯಿತು. ನೋಡಬೇಕೆಂದುಕೊಂಡದ್ದೆಲ್ಲ ನನಗೆ ಕಂಡಿತು.

ಬೇಲಿ, ಗುರುವಾರ

ಅಲ್ಲಿನ ತಾಯಂದಿರು ಮಗನ ಫೋಟೋ ಇರುವ ದೊಡ್ಡ ಬಿಲ್ಲೆಯನ್ನು ಎದೆಗೆ ಸಿಕ್ಕಿಸಿಕೊಳ್ಳುತ್ತಾರೆ, ನಮ್ಮಲ್ಲಿ ಚುನಾವಣೆಗೆ ಅಭ್ಯರ್ಥಿಯ ಬಿಲ್ಲೆ ಹಾಕಿಕೊಂಡ ಹಾಗೆ. ಸ್ಟೆಲ್ಲಾ ನನಗೂ ಒಂದು ಮಾಡಿಸಿದ್ದಳು. ಬೇಡವೆಂದರೂ ಬಿಡದೆ ಅಂಗಿಗೆ ಚುಚ್ಚಿದ್ದಳು. ಗುರುವಾರ ಬೇಲಿಯ ಪಕ್ಕ ನಿಂತಿದ್ದಾಗ ಆ ಬಿಲ್ಲೆಯನ್ನು ನೋಡಿ ಹಸಿರು ಟೋಪಿಯವನೊಬ್ಬ ನನ್ನ ಹತ್ತಿರ ಬಂದ. ಐವತ್ತರ ಆಸುಪಾಸು, ತೆಳ್ಳನೆ ಮನುಷ್ಯ, ಕೈಯಲ್ಲಿ ಸಣ್ಣ ನೋಟ್‌ಬುಕ್ಕು. ಅವನೇ ಡೇಲ್.

“ಹುಡುಗನ ಮನೆಯವರೇ?”

“ಮನೆಗೆ ಬಂದ ಅತಿಥಿ. ಬೆಂಗಳೂರಿನವನು. ಪತ್ರಕರ್ತನಾಗಿದ್ದೆ, ಕ್ರೀಡೆಯ ಪುಟದಲ್ಲಿ.”

ಅವನ ಮುಖ ಸಡಿಲವಾಯಿತು. “ಹಾಗಾದರೆ ನಿಮ್ಮಿಂದ ನಿಜ ಸಿಗುತ್ತದೆ. ತಂದೆತಾಯಿಯರನ್ನು ಕೇಳಿ ಪ್ರಯೋಜನವಿಲ್ಲ” ಎಂದು ನಕ್ಕ. ಹುಡುಗ ಬೆಳಿಗ್ಗೆ ಎಷ್ಟಕ್ಕೆ ಏಳುತ್ತಾನೆ, ತಾಯಿಯೊಂದಿಗೆ ಹೇಗೆ ಮಾತಾಡುತ್ತಾನೆ, ಸೋತಾಗ ಹೇಗಿರುತ್ತಾನೆ ಎಂದೆಲ್ಲ ಕೇಳಿದ. ಕಂಡಷ್ಟು ಹೇಳಿದೆ. ಎಲ್ಲವೂ ಒಳ್ಳೆಯದೇ ಆಗಿತ್ತು. ಅವನು ಬರೆದುಕೊಂಡ. ಕೊನೆಗೆ, ಹೊರಡುವ ಮೊದಲು, ಕೇಳಿದ:

“ಕಾಲು ಹೇಗಿದೆ? ಏನಾದರೂ ತೊಂದರೆ?”

ಇಲ್ಲಿ ಸುಮ್ಮನಿರಬಹುದಿತ್ತು. ನನಗೆ ಗೊತ್ತಿಲ್ಲ ಎನ್ನಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಮೂವತ್ತೊಂದು ವರ್ಷದಲ್ಲಿ ನನ್ನ ಪುಟಕ್ಕೆ ಒಂದೂ ತಿದ್ದುಪಡಿ ಬಂದಿಲ್ಲವೆಂಬ ಹೆಮ್ಮೆ ನನಗೆ. ಪತ್ರಕರ್ತನೆಂದು ನಂಬಿ ಕೇಳಿದವನ ಮುಂದೆ ಮರೆಮಾಚುವುದು ಸರಿಯಲ್ಲ ಎನಿಸಿತು. ಹುಡುಗನಿಗೆ ಕೊಟ್ಟ ಮಾತು ತಾಯಿಗೆ ಹೇಳುವುದಿಲ್ಲ ಎಂದು ಮಾತ್ರ. ಅದನ್ನು ಮುರಿದಂತಾಗುವುದಿಲ್ಲ ಎಂದೂ ಲೆಕ್ಕ ಹಾಕಿದೆ. ಇಷ್ಟೆಲ್ಲ ಯೋಚಿಸಲು ಎರಡು ಕ್ಷಣ ಸಾಕಾಯಿತು.

“ಬಲಗಾಲಿನ ಕಣಕಾಲಿಗೆ ಪೆಟ್ಟಾಗಿದೆ. ಪಟ್ಟಿ ಕಟ್ಟಿಕೊಂಡು ಆಡುತ್ತಿದ್ದಾನೆ. ಮನೆಯಲ್ಲಿ ಹೇಳಿಲ್ಲ” ಎಂದೆ.

ಡೇಲ್ ಮೈದಾನದ ಕಡೆ ನೋಡಿದ. “ಪೆಟ್ಟು ದೊಡ್ಡದಲ್ಲ, ವಾಸಿಯಾಗುತ್ತದೆ. ಮುಚ್ಚಿಡುವ ಹುಡುಗನನ್ನು ಇಟ್ಟುಕೊಳ್ಳುವುದು ಕಷ್ಟ” ಎಂದ. ನೋಟ್‌ಬುಕ್ಕು ಮುಚ್ಚಿ, ನನ್ನ ಕೈ ಕುಲುಕಿ, ನೇರವಾಗಿ ಹೇಳಿದ್ದಕ್ಕೆ ಧನ್ಯವಾದ ಎಂದು ತನ್ನ ಕಾರ್ಡು ಕೊಟ್ಟ. ಆಮೇಲೆ ಬೇಲಿಯ ಉದ್ದಕ್ಕೆ ನಡೆದು ದಕ್ಷಿಣ ತಂಡ ಅಭ್ಯಾಸ ಮಾಡುತ್ತಿದ್ದ ಬದಿಗೆ ಹೋದ.

ನಮ್ಮಲ್ಲಿ ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಬರುವ ಮೊದಲು ಅಕ್ಕಪಕ್ಕದಲ್ಲಿ ವಿಚಾರಿಸುತ್ತಾರೆ. ಜೋಗುಪಾಳ್ಯದಲ್ಲಿ ಹೀಗೆ ಒಂದು ಮಾತು ಆಡಿ ಮದುವೆ ತಪ್ಪಿಸಿದ ನೆರೆಯವರನ್ನು ನಮ್ಮ ತಾಯಿ ಸಾಯುವತನಕ ಬೈಯುತ್ತಿದ್ದರು. ಬೇಲಿಯ ಹತ್ತಿರ ನಿಂತಿದ್ದಾಗ ನನಗೆ ಅದು ನೆನಪಾಗಲಿಲ್ಲ.

ಪಂದ್ಯ, ಶನಿವಾರ

ಸಂಜೆ ಏಳಕ್ಕೂ ಅಲ್ಲಿ ಬಿಸಿಲು. ಊರಿಗೆ ಊರೇ ಮೈದಾನಕ್ಕೆ ಬಂದಿತ್ತು. ಮೊದಲು ಪ್ರಾರ್ಥನೆ, ಆಮೇಲೆ ಬ್ಯಾಂಡು. ಸ್ಟೆಲ್ಲಾ ಮೊದಲರ್ಧವೆಲ್ಲ ತಾಯಂದಿರ ತಿಂಡಿಯಂಗಡಿಯಲ್ಲಿ ಜೋಳದ ಚಿಪ್ಸು ಮಾರುತ್ತಿದ್ದಳು. ನಾನೊಬ್ಬನೇ ಹೋಗಿ ಗೊತ್ತಿಲ್ಲದೆ ದಕ್ಷಿಣದವರ ನಡುವೆ ಕುಳಿತೆ. ಎದೆಯ ಮೇಲೆ ಉತ್ತರದ ಕಿಕ್ಕರನ ಬಿಲ್ಲೆ. ಯಾರೂ ಎಬ್ಬಿಸಲಿಲ್ಲ. ಪಕ್ಕದ ಹೆಂಗಸು ಬೆಂಚು ಗಟ್ಟಿಯೆಂದು ತನ್ನ ದಿಂಬು ಕೊಟ್ಟಳು. ಕೆವಿನ್ ಒದೆಯಲು ಬಂದಾಗ ನನ್ನ ಬಿಲ್ಲೆ ನೋಡಿ, ತನ್ನ ತಂಡದ ವಿರುದ್ಧವೇ ಚಪ್ಪಾಳೆ ತಟ್ಟಿದಳು. ಎರಡು ತಂಡದ ಬೆಂಬಲಿಗರನ್ನು ಬೇರೆ ಬೇರೆ ಗೇಟಿನಿಂದ ಹೊರಗೆ ಕಳಿಸುತ್ತಿದ್ದ ನಮ್ಮ ಕಡೆಯ ಪಂದ್ಯಗಳು ಕಣ್ಣ ಮುಂದೆ ಬಂದವು.

ಕೆವಿನ್ ಮೂರು ಸಲ ಒದೆದ. ಮೂರೂ ಕಂಬಗಳ ನಡುವೆ ಹೋದವು. ಮೂರನೆಯದು ಮೈದಾನದ ಅರ್ಧದ ಹತ್ತಿರದಿಂದ. ಚೆಂಡು ಕಂಬ ದಾಟಿ ಆಚೆಯ ಕಾರುಗಳ ನಡುವೆ ಬಿತ್ತು. ಕೋಣಗಳು ಅವನನ್ನು ಎತ್ತಿಕೊಂಡರು. ಅವನ ನಡಿಗೆಯಲ್ಲಿ ಒಂದು ಚೂರೂ ಕುಂಟು ಇರಲಿಲ್ಲ. ನೋವು ನುಂಗಿ ಆಡಿದ, ತಾತನ ಮೊಮ್ಮಗ ಎಂದು ನಾನು ಮೆಚ್ಚಿಕೊಂಡೆ.

ದ್ವಿತೀಯಾರ್ಧಕ್ಕೆ ಬಂದ ಸ್ಟೆಲ್ಲಾ ಆಟ ನೋಡಲಿಲ್ಲ. ಬೇಲಿಯ ಟೋಪಿಗಳನ್ನೇ ಎಣಿಸುತ್ತಿದ್ದಳು.

“ಹಸಿರು ಕಾಣಿಸ್ತಿಲ್ಲ ಅಣ್ಣ.”

“ಗುರುವಾರ ಬಂದು ನೋಡಿದ್ರಲ್ಲಮ್ಮ.”

“ಮ್ಯಾಚಿಗೂ ಬರ್ತೀನಿ ಅಂದಿದ್ರು. ನಿಮ್ಮತ್ರ ಮಾತಾಡಿದ್ರಂತಲ್ಲ, ಏನಂದ್ರು?”

“ಹುಡುಗ ಒಳ್ಳೆಯವನು ಅಂತ ಬರ್ಕೊಂಡ್ರು” ಎಂದೆ. ಅದೂ ನಿಜವೇ.

ಭಾನುವಾರ

ಚರ್ಚಿನಿಂದ ಬಂದ ಮೇಲೆ ಸ್ಟೆಲ್ಲಾ ಟ್ರಂಕು ತೆಗೆದಳು. ಮೂರು ಒದೆಯ ಖುಷಿಗೆ ಅಪ್ಪನ ಕಾರ್ಖಾನೆ ತಂಡದ ಹಳೆಯ ನೀಲಿ ಜೆರ್ಸಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಕೆಂದು ಅವಳ ಆಸೆ. ಬಿಡಿಸಿ ನೋಡಿದರೆ ಕೆಳಗಿನ ಅಂಚಿನಲ್ಲಿ ನಾಲ್ಕು ಬೆರಳಗಲ ಕತ್ತರಿಸಿ ಹೋಗಿತ್ತು.

“ಲೋ ಕೆವಿನ್! ಯಾರೋ ಇದಕ್ಕೆ ಕತ್ತರಿ ಹಾಕಿದ್ದು? ನಿಮ್ ತಾತನ್ ಜೆರ್ಸಿ ಕಣೋ ಇದು, ಒರ್ಸೋ ಬಟ್ಟೆ ಅಂದ್ಕೊಂಡ್ಯಾ?”

ಕೆವಿನ್ ತಲೆ ತಗ್ಗಿಸಿ ಬಂದ. “ಸಾರಿ ಅಮ್ಮ. ಹೇಳ್ಬೇಕು ಅಂತಿದ್ದೆ. ಫೋಟೋದಲ್ಲಿ ತಾತ ಕಟ್ಕೊಂಡಿದ್ದಾರಲ್ಲ, ಹಾಗೆ. ಫಾರ್ ಲಕ್.” ಕಾಲ್ಚೀಲ ಇಳಿಸಿದ. ಕಣಕಾಲಿಗೆ ಮಾಸಿದ ನೀಲಿ ಪಟ್ಟಿ ಸುತ್ತಿತ್ತು.

ಸ್ಟೆಲ್ಲಾ ಜೆರ್ಸಿಯನ್ನು ಪಕ್ಕಕ್ಕಿಟ್ಟಳು. ನೆಲಕ್ಕೆ ಕುಳಿತು, ಅವನ ಕಾಲನ್ನು ತೊಡೆಯ ಮೇಲೆಳೆದುಕೊಂಡು ಪಟ್ಟಿ ಬಿಚ್ಚಿದಳು. “ಹೀಗಲ್ವೋ ಕತ್ತೆ ಕಟ್ಟೋದು. ಎಂಟರ ಥರ ಸುತ್ಬೇಕು, ಹಿಮ್ಮಡಿ ಬಿಟ್ಟು. ಗೌತಂಪುರದಲ್ಲಿ ಎಲ್ರೂ ಹಂಗೇ ಕಟ್ತಿದ್ರು. ಅಲ್ವಾ ಅಣ್ಣ?”

ಹೌದು. ನಮ್ಮ ಹಲಸೂರಿನ ಪಕ್ಕದ ಗೌತಂಪುರದ ಮೈದಾನದಲ್ಲಿ ಬೂಟಿಲ್ಲದೆ ಅಭ್ಯಾಸ ಮಾಡುತ್ತಿದ್ದವರು ಹಳೆಯ ಜೆರ್ಸಿಯ ಪಟ್ಟಿಯನ್ನು ಒದೆಯುವ ಕಾಲಿಗೆ ಸುತ್ತಿಕೊಳ್ಳುತ್ತಿದ್ದರು. ಕಾಲು ಹೊರಳದಿರಲಿ ಎಂದು. ಗೋಡೆಯ ಮೇಲೆ ಕುಳಿತು ನಾನು ಅದನ್ನು ನೂರು ಸಲವಾದರೂ ನೋಡಿದ್ದೇನೆ. ಅಂತೋಣಿ ಮಾಮ ಪಟ್ಟಿಯ ಒಂದು ತುದಿಯನ್ನು ನನ್ನ ಕೈಗೇ ಕೊಟ್ಟು ಎಳೆದು ಹಿಡಿಯಲು ಹೇಳಿದ್ದುಂಟು. ಓಹಾಯೋದ ಯಾವ ಕೋಚಿಗೂ ಆ ಪಟ್ಟಿ ಏನೆಂದು ಗೊತ್ತಾಗಲು ಸಾಧ್ಯವಿರಲಿಲ್ಲ. ಆ ಊರಲ್ಲಿ ಗೊತ್ತಾಗಬೇಕಾದವನು ನಾನೊಬ್ಬನೇ.

“ಕಾಲು ನೋವಿಲ್ವಾ?” ಎಂದು ಕೇಳಿದೆ.

“ನೋ ಅಂಕಲ್. ಯಾಕೆ?”

ನಾನು ಕೆಲಸಕ್ಕೆ ಸೇರಿದಾಗ ಡೆಸ್ಕಿನ ಹಿರಿಯರೊಬ್ಬರು ಹೊಸಬರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು: ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು. ಅದನ್ನೇ ನಾನು ಮುಂದೆ ಬಂದವರಿಗೆ ಹೇಳಿದೆ. ಆಟಗಾರನನ್ನು ಕೇಳದೆ ಅವನ ಪೆಟ್ಟಿನ ಸುದ್ದಿ ಬರೆದ ಒಬ್ಬ ವರದಿಗಾರನನ್ನು ಎರಡು ತಿಂಗಳು ಪುಟದಿಂದ ದೂರ ಇಟ್ಟಿದ್ದೆ.

ಮಹಡಿಗೆ ಹೋಗಿ ಡೇಲ್‌ಗೆ ಫೋನ್ ಮಾಡಿದೆ. ನಾನು ಹೇಳಿದ್ದು ತಪ್ಪು, ಪೆಟ್ಟಿಲ್ಲ, ಅದು ಅವರ ತಾತನ ರೂಢಿ ಎಂದು ವಿವರಿಸಿದೆ. ಅವನು ಅಡ್ಡ ಮಾತಾಡದೆ ಪೂರ್ತಿ ಕೇಳಿದ.

“ಶುಕ್ರವಾರವೇ ದಕ್ಷಿಣದ ಹುಡುಗನಿಗೆ ಮಾತು ಕೊಟ್ಟೆ” ಎಂದ. “ಅವನ ತಾಯಿ ಫೋನಿನಲ್ಲಿ ಅತ್ತರು. ಈಗ ಅವನಿಗೆ ಇಲ್ಲ ಎನ್ನಲಾರೆ.”

“ಅರ್ಥವಾಗುತ್ತದೆ” ಎಂದೆ.

“ನಿಮ್ಮ ಹುಡುಗ ಅವನಿಗಿಂತ ಚೆನ್ನಾಗಿ ಒದೆಯುತ್ತಾನೆ. ಅದು ನನಗೆ ಬುಧವಾರವೇ ಗೊತ್ತಿತ್ತು” ಎಂದ.

ಅವನು ಬುಧವಾರವೂ ಬಂದಿದ್ದನೆಂಬುದು ನನಗೆ ಆಗಲೇ ತಿಳಿದದ್ದು. ಗುರುವಾರ ಬಂದದ್ದು ವಿಚಾರಿಸಲು ಮಾತ್ರ.

ಕೆಳಗೆ ಬಂದಾಗ ಸ್ಟೆಲ್ಲಾ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. “ಯಾರತ್ರ ಮಾತಾಡ್ತಿದ್ರಿ?” ಎಂದಳು. ಆಫೀಸಿನವರು ಎಂದೆ. ನಾನು ಆಫೀಸು ಬಿಟ್ಟು ವರ್ಷವಾಗಿತ್ತು. ಅವಳು ಗಮನಿಸಲಿಲ್ಲ. ಅಂದೂ ಸೋಮವಾರವೂ ಮನೆಯ ಫೋನು ಬಡಿದುಕೊಂಡಾಗಲೆಲ್ಲ ಸೌಟು ಕೆಳಗಿಟ್ಟು ಓಡುತ್ತಿದ್ದಳು. ಒಮ್ಮೆ ರೇಮಂಡ್, ಒಮ್ಮೆ ಆಸ್ಪತ್ರೆ, ಒಮ್ಮೆ ಯಾರೋ ವಿಮೆ ಮಾರುವವರು. ಎರಡು ದಿನ ಅವಳ ಕೈಯಡುಗೆ ತಿಂದುಕೊಂಡು ನಾನು ಬಾಯಿ ಬಿಡಲಿಲ್ಲ. ಅವಳಿಗೆ ಹೇಳಿದ್ದು ಬೆಂಗಳೂರಿಗೆ ಬಂದ ಮೇಲೆ, ಫೋನಿನಲ್ಲಿ, ಮುಖ ಕಾಣದ ಕಡೆಯಿಂದ.

ವಿಮಾನ ನಿಲ್ದಾಣ

ಮಂಗಳವಾರ ಕೆವಿನ್ ನನ್ನನ್ನು ಬಿಡಲು ಬಂದ. ಒಂದೂವರೆ ಗಂಟೆಯ ದಾರಿ, ಎರಡೂ ಕಡೆ ಮೆಕ್ಕೆಜೋಳ. ಅವನೇ ಮಾತು ತೆಗೆದ. ಡೇಲ್ ಇನ್ನು ಫೋನ್ ಮಾಡುವುದಿಲ್ಲ, ದಕ್ಷಿಣದ ಹುಡುಗನೇ ತನಗೆ ಮೆಸೇಜು ಹಾಕಿದ್ದಾನೆ, ತಾನು ಅವನಿಗೆ ಶುಭಾಶಯ ಹೇಳಿದ್ದಾಯಿತು ಎಂದ. ಪಕ್ಕದ ಎರಡು ವರ್ಷದ ಕಾಲೇಜಿಗೆ ಅರ್ಜಿ ಹಾಕುತ್ತಾನಂತೆ, ಸಂಜೆ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸವಂತೆ.

“ಅಮ್ಮಂಗೆ ಹೇಗೆ ಹೇಳೋದು ಅಂತ ಗೊತ್ತಾಗ್ತಿಲ್ಲ ಅಂಕಲ್. ಮಿಸ್ ಆಗಿದ್ದೇ ಒಂದು ಕಿಕ್, ಅದೂ ಪ್ರಾಕ್ಟೀಸಲ್ಲಿ. ಅದನ್ನೇ ನೋಡ್ಬಿಟ್ರೇನೋ.”

ಆ ಒಂದು ಒದೆಯನ್ನು ಅವನು ಮುಂದೆಯೂ ಹೊತ್ತುಕೊಂಡು ತಿರುಗುತ್ತಾನೆ ಎನಿಸಿದಾಗ ಸುಮ್ಮನಿರಲು ಆಗಲಿಲ್ಲ. ನಿರ್ಗಮನದ ಬಾಗಿಲ ಮುಂದೆ ಕಾರು ನಿಂತಿತ್ತು. ನನ್ನ ಪೆಟ್ಟಿಗೆ ಎರಡನ್ನೂ ಇಳಿಸಿ ಇಟ್ಟಿದ್ದ. ಹೇಳಿದೆ. ಗ್ಯಾರೇಜಿನಲ್ಲಿ ನಾನು ಕಂಡದ್ದು, ಅಂದುಕೊಂಡದ್ದು, ಬೇಲಿಯ ಹತ್ತಿರ ಡೇಲ್ ಕೇಳಿದ್ದು, ನಾನು ಕೊಟ್ಟ ಉತ್ತರ, ಭಾನುವಾರದ ಫೋನು. ವರದಿ ಒಪ್ಪಿಸುವ ಹಾಗೆ ಒಂದರ ನಂತರ ಒಂದು ಹೇಳಿದೆ. ಬೇರೆ ರೀತಿಯಲ್ಲಿ ಹೇಳಲು ನನಗೆ ಬರುತ್ತಿರಲಿಲ್ಲ.

ಕೆವಿನ್ ಕಾರಿನ ಡಿಕ್ಕಿಯ ಮುಚ್ಚಳವನ್ನು ಎರಡು ಕೈಯಲ್ಲೂ ಹಿಡಿದುಕೊಂಡು ನಿಂತಿದ್ದ. ಸಿಟ್ಟು ಮಾಡಲಿಲ್ಲ.

“ನನ್ನೇ ಕೇಳ್ಬೋದಿತ್ತಲ್ಲ ಅಂಕಲ್” ಎಂದ.

ನಾನು ಪೆಟ್ಟಿಗೆಯ ಹಿಡಿ ಹಿಡಿದು ನಿಂತೆ. ನಮ್ಮ ಹಿಂದೆ ಕಾರುಗಳು ಸಾಲುಗಟ್ಟಿದ್ದವು. ಹಳೆ ಮದ್ರಾಸ್ ರಸ್ತೆಯಾಗಿದ್ದರೆ ಅಷ್ಟು ಹೊತ್ತಿಗೆ ಹತ್ತು ಹಾರ್ನ್ ಬಿದ್ದು, ಯಾರಾದರೂ ತಲೆ ಹೊರಗೆ ಹಾಕಿ ಬೈದು, ನಾವಿಬ್ಬರೂ ಅಲ್ಲಿಂದ ಕದಲಿ ಪಾರಾಗುತ್ತಿದ್ದೆವು. ಅಲ್ಲಿ ಯಾರೂ ಹಾರ್ನ್ ಮಾಡಲಿಲ್ಲ. ಹಿಂದಿನ ಕಾರಿನ ಮುದುಕ ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡು, ಬೀಳ್ಕೊಡುವವರು ಎಂದು ತಿಳಿದು, ನಮ್ಮ ಮಾತು ಮುಗಿಯಲಿ ಎಂದು ತಾಳ್ಮೆಯಿಂದ ಕಾಯುತ್ತಿದ್ದ.